ಹೇಳದೆ ಕೊಟ್ಟ ಹನಿ

ಫೆಬ್ರವರಿ 9

ಇವತ್ತಿನಿಂದ ಬರೆದಿಡುತ್ತೇನೆ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ಹದಿನಾರು ವರ್ಷದಿಂದ ನಾನು ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುತ್ತಿದ್ದೇನೆ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸುತ್ತೇನೆ. ಈ ಊರಿನ ಅರ್ಧ ಮುದುಕರು ನನ್ನ ಹಲ್ಲಿನಲ್ಲಿ ನಗುತ್ತಾರೆ, ಉಳಿದರ್ಧ ನನ್ನ ಹಲ್ಲಿನಲ್ಲೇ ಬೈಯುತ್ತಾರೆ ಎಂದು ನಮ್ಮ ಲ್ಯಾಬಿನ ಯಜಮಾನರು ಹೇಳುವುದುಂಟು.

ಒಂದು ತಿಂಗಳಿಂದ ಯಾರೋ ನನ್ನ ಹಲ್ಲುಗಳ ಬಣ್ಣ ಬದಲಿಸುತ್ತಿದ್ದಾರೆ. ಚೀಟಿಯಲ್ಲಿ ಹಳದಿ ಛಾಯೆ ಬರೆದಿಟ್ಟು ಹೋದರೆ ಬೆಳಗ್ಗೆ ಡಬ್ಬಿಯಲ್ಲಿ ಬಿಳಿಯದು ಇರುತ್ತದೆ. ಮೂರು ಸೆಟ್ ವಾಪಸು ಬಂದವು. ಎದುರು ಮೇಜಿನವಳು ಪಿಂಗಾಣಿ ಹಲ್ಲು ಮಾಡುವವಳು, ನಾವೆಲ್ಲ ಅವಳನ್ನು ಪಿಂಗಾಣಿ ಎಂದೇ ಕರೆಯುತ್ತೇವೆ. ನಾನು ನನ್ನ ಪೆಟ್ಟಿಗೆ ತೆಗೆದಾಗಲೆಲ್ಲ ಅವಳು ಮೂರು ಸಲ ಕೆಮ್ಮುತ್ತಾಳೆ. ಆಗ ಯಜಮಾನರು ತಮ್ಮ ಡ್ರಾಯರ್ ಮುಚ್ಚುತ್ತಾರೆ. ಇದನ್ನು ಕಾಕತಾಳೀಯ ಅನ್ನುವವರು ಅನ್ನಲಿ. ಉಜ್ಜುವ ಯಂತ್ರ ಓಡುವಾಗ ಅದರೊಳಗಿಂದ ನನ್ನನ್ನು ಚಿಕ್ಕಂದಿನ ಹೆಸರಿನಿಂದ ಕರೆಯುತ್ತಾರೆ. ಆ ಹೆಸರು ಅಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಫೆಬ್ರವರಿ 13

ಅಕ್ಕ ನನ್ನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದಳು. ತೆಳ್ಳಗಿನ ಮನುಷ್ಯ, ಟೈ ಕಟ್ಟಿದ್ದರು. ಎಲ್ಲ ಕೇಳಿ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಮೊದಲ ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ಬಚ್ಚಲಲ್ಲಿ ಉಗಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ನಾನು ಹುಚ್ಚಿ ಅಲ್ಲ" ಎಂದೆ.

"ಯಾರೂ ಹಾಗೆ ಅಂದಿಲ್ಲ ಕಣೇ" ಎಂದಳು. ಬೈಯಲಿಲ್ಲ.

ಅಕ್ಕ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಏಳು ವರ್ಷ. ಅಲ್ಲಿಂದ ನನಗೆ ಜಡೆ ಹಾಕಿದವಳು, ಲೆಕ್ಕ ಕಲಿಸಿದವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದವಳು ಅವಳೇ. ಇಬ್ಬರೂ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ "ನಮ್ಮಿಬ್ಬರ ಜಗಳಕ್ಕೇ ಪುರುಸೊತ್ತಿಲ್ಲ, ಮೂರನೆಯವನು ಯಾಕೆ" ಅನ್ನುತ್ತಾಳೆ.

ಫೆಬ್ರವರಿ 16

ಲ್ಯಾಬಿನಲ್ಲಿ ನೀರು ಮುಟ್ಟುವುದಿಲ್ಲ. ಅಂಗಡಿಯ ಬ್ರೆಡ್ಡೂ ಬೇಡ, ಪೊಟ್ಟಣಕ್ಕೆ ಸೂಜಿ ಚುಚ್ಚಿದ ಗುರುತಿತ್ತು. ಮೂರು ದಿನದಿಂದ ಅಕ್ಕ ಕೈಯಾರೆ ಕೊಟ್ಟದ್ದನ್ನು ಮಾತ್ರ ತಿನ್ನುತ್ತಿದ್ದೇನೆ. ಲೋಕವೆಲ್ಲ ಒಂದು ಕಡೆ ಇರಲಿ, ಅಕ್ಕನ ಕೈ ಇನ್ನೊಂದು ಕಡೆ.

ಫೆಬ್ರವರಿ 20

ಅಕ್ಕ ಬೆಳಗಿನ ಚಹಾ ನಿಲ್ಲಿಸಿದ್ದಾಳೆ. ಈಗ ಕಿತ್ತಳೆ ರಸ. "ಚಹಾದಿಂದಲೇ ನಿನ್ನ ನಿದ್ದೆ ಕೆಡ್ತಿರೋದು" ಅಂದಳು. ಇಪ್ಪತ್ತು ವರ್ಷ ಕೆಡದ ನಿದ್ದೆ ಈಗ ಕೆಟ್ಟಿತೇ ಎಂದು ಕೇಳಬೇಕೆಂದುಕೊಂಡೆ. ಕುಡಿದೆ.

ಮಾರ್ಚ್ 4

ಹನ್ನೊಂದು ತಾಸು ಮಲಗಿದ್ದೆ. ಮೈ ಒದ್ದೆ ಗೋಣಿಯ ಹಾಗೆ ಭಾರ. ಯಂತ್ರ ಇವತ್ತು ಕರೆಯಲಿಲ್ಲ. ನನಗೆ ಕೇಳದಷ್ಟು ಮೆಲ್ಲಗೆ ಕರೆಯುತ್ತಿರಬಹುದು.

ಮಾರ್ಚ್ 22

ಪಿಂಗಾಣಿ ಬಸ್ ನಿಲ್ದಾಣದಲ್ಲೂ ಕೆಮ್ಮುತ್ತಿದ್ದಳು. ಅಲ್ಲಿ ನನ್ನ ಪೆಟ್ಟಿಗೆ ಇರಲಿಲ್ಲ. ಲ್ಯಾಬಿನ ಪುಡಿ ಉಸಿರಲ್ಲಿ ಹೋಗಿ ಹೋಗಿ ಅವಳ ಗಂಟಲು ಹಾಳಾಗಿದೆಯಂತೆ, ಹತ್ತು ವರ್ಷದಿಂದ. ನನಗೆ ಈ ವರ್ಷ ಮಾತ್ರ ಹೇಗೆ ಕೇಳಿಸಿತೋ.

ಮಧ್ಯಾಹ್ನ ಅವಳ ಡಬ್ಬಿಯಿಂದ ಎರಡು ಬಿಸ್ಕತ್ತು ತಿಂದೆ. ಆಮೇಲೆ ಇನ್ನೂ ನಾಲ್ಕು. ಎಷ್ಟು ತಿಂದರೂ ಹಸಿವು.

ಏಪ್ರಿಲ್ 11

ಇವತ್ತು ಬರೆಯಲೇಬೇಕು. ಸಂಗೀತದ ಮೇಷ್ಟ್ರೊಬ್ಬರ ಮೇಲ್ದವಡೆಯ ಸೆಟ್ ಎರಡು ಕಡೆ ಮಾಡಿಸಿ ಸೋತು ನಮ್ಮಲ್ಲಿಗೆ ಬಂದಿತ್ತು. 'ಸ' ಎಂದರೆ ಸಿಳ್ಳೆ ಬರುತ್ತಿತ್ತು. ಪಾಠ ಶುರುಮಾಡುವುದೇ ಆ ಅಕ್ಷರದಿಂದ, ಪಾಪ ಶಿಷ್ಯರೆಲ್ಲ ನಗುತ್ತಿದ್ದರಂತೆ. ಮುಂದಿನ ಹಲ್ಲುಗಳ ಹಿಂದೆ ಒಸಡಿನ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಕೂದಲೆಳೆಯಷ್ಟು ತೆಳು ಮಾಡುತ್ತ ಹೋದೆ. ನಾಲ್ಕು ಸಲ ಉಜ್ಜಿದೆ, ನಾಲ್ಕು ಸಲ ಹಾಕಿಸಿ ನೋಡಿದೆ. ಐದನೆಯ ಸಲ ಅವರ ಬಾಯಿಂದ 'ಸ' ಶುದ್ಧವಾಗಿ ಬಂತು. ಮುದುಕರು ಕುರ್ಚಿಯಿಂದ ಏಳಲೇ ಇಲ್ಲ, ಅದೊಂದೇ ಅಕ್ಷರವನ್ನು ಎಳೆಯುತ್ತ ಕೂತರು. ಯಜಮಾನರು ಬಾಗಿಲಿಗೆ ಒರಗಿ ಕಣ್ಣುಮುಚ್ಚಿ ಕೇಳಿದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ, "ನೋಡಿದೆಯಾ? ಒಂದು ಮಾತ್ರೆಯೂ ನುಂಗಲಿಲ್ಲ. ದಣಿವಾಗಿತ್ತು ಅಷ್ಟೇ. ದಿನಾ ನಡೆದೆ, ಮನಸ್ಸನ್ನ ಹಿಡಿತಕ್ಕೆ ತಗೊಂಡೆ, ನಾನಾಗೇ ಸರಿಹೋದೆ."

ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ತಿರುಗದೆಯೇ "ಹೂಂ" ಎಂದಳು.

ಮೇ 8

ಎರಡು ತಿಂಗಳಿಂದ ಮುಟ್ಟಾಗಿಲ್ಲ. ಲಂಗದ ದಾರ ಮೂರು ಬೆರಳು ಸಡಿಲಿಸಿದ್ದೇನೆ. "ಅಮ್ಮನಿಗೂ ಬೇಗ ನಿಂತಿತ್ತು" ಎಂದಳು ಅಕ್ಕ. ಅಮ್ಮ ಸತ್ತದ್ದೇ ಮೂವತ್ತೆಂಟಕ್ಕೆ. ನನಗೀಗ ಮೂವತ್ತೊಂಬತ್ತು. ಇರಬಹುದು.

ಜೂನ್ 2

ರವಿಕೆಯ ಮೇಲೆ ಒದ್ದೆ ಕಲೆ ಇತ್ತು. ಪ್ಲಾಸ್ಟರ್ ನೀರು ಸಿಡಿದಿರಬೇಕು ಎಂದುಕೊಂಡೆ. ಸ್ನಾನಕ್ಕೆ ಹೋದಾಗ ಒತ್ತಿ ನೋಡಿದೆ. ಹಾಲು. ಎರಡೂ ಕಡೆ.

ಹೆರದವಳ ಎದೆಯಲ್ಲಿ ಹಾಲು. ಬಚ್ಚಲಲ್ಲೇ ಕೂತುಬಿಟ್ಟೆ. ಹೊರಬಂದು ಅಕ್ಕನಿಗೆ ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

"ಗಾಬರಿ ಆಗಬೇಡ. ಒಂದೊಂದು ಸಲ ಹೀಗೂ ಆಗುತ್ತೆ."

"ಯಾರಿಗೆ ಆಗಿದೆ?"

ಅವಳು ಮುಂದಿನ ಪತ್ರಿಕೆ ಎಳೆದುಕೊಂಡಳು. ಅಮ್ಮನಿಗೆ ಎದೆಯಲ್ಲೇ ಗಡ್ಡೆಯಾಗಿದ್ದು ಎಂದು ಇಬ್ಬರಿಗೂ ಗೊತ್ತು.

ಜೂನ್ 5

ಸತ್ತರೆ ನನ್ನ ಮೇಜಿಗೆ ಯಾರು ಬರುತ್ತಾರೆ ಎಂದು ಯೋಚಿಸಿದೆ. ಉಪಕರಣಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿದೆ.

ಜೂನ್ 9

ಇದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಹೆಂಗಸರ ಡಾಕ್ಟರು ರಕ್ತದ ವರದಿ ತೋರಿಸಿದರು. ಎದೆಯಲ್ಲಿ ಗಡ್ಡೆ ಇಲ್ಲ. ಆದರೆ ಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಇಪ್ಪತ್ತೈದರ ಒಳಗಿರಬೇಕಾದದ್ದು ಎಂಬತ್ತೆಂಟು ಇತ್ತು.

"ಯಾವ ಔಷಧಿ ತಗೋತಿದ್ದೀರಾ?"

"ಯಾವುದೂ ಇಲ್ಲ."

"ಸರಿಯಾಗಿ ಯೋಚಿಸಿ ಹೇಳಿ. ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಔಷಧಿಯಿಂದ ಹೀಗೇ ಏರುತ್ತೆ."

"ಇಲ್ಲ ಡಾಕ್ಟರ್. ತಲೆನೋವಿನ ಮಾತ್ರೆ ಕೂಡ ಇಲ್ಲ."

"ಹಾಗಾದ್ರೆ ತಲೆ ಸ್ಕ್ಯಾನ್ ಮಾಡಿಸೋಣ. ಮೆದುಳಿನ ಬುಡದ ಗ್ರಂಥಿಯಲ್ಲಿ ಪುಟ್ಟ ಗಡ್ಡೆ ಇದ್ರೂ ಹೀಗಾಗುತ್ತೆ."

ಅಕ್ಕ ಪಕ್ಕದಲ್ಲೇ ಕೂತಿದ್ದಳು, ಚೀಲ ತೊಡೆಯ ಮೇಲೆ.

ಬಸ್ ನಿಲ್ದಾಣದ ಬೆಂಚಿನಲ್ಲಿ ನಾನು ಅತ್ತೆ. ಎದೆಯದ್ದು ತಪ್ಪಿ ತಲೆಯದ್ದು ಬಂತಲ್ಲ ಎಂದೆ. ನಾನು ಹೋದರೆ ನೀನು ಒಬ್ಬಳೇ ಆಗುತ್ತೀಯಲ್ಲ ಎಂದೆ. ಹೌದು, ಅವಳಿಗಾಗಿ ಅತ್ತೆ.

"ಗಡ್ಡೆ ಅಲ್ಲ" ಎಂದಳು ಅಕ್ಕ.

"ನಿನಗೆ ಹೇಗೆ ಗೊತ್ತು?"

"ಗಡ್ಡೆ ಅಲ್ಲ ಕಣೇ. ನಾನು ಹನಿ ಹಾಕ್ತಿದ್ದೆ."

ಅರ್ಥವಾಗಲಿಲ್ಲ. ಕಣ್ಣಿಗೆ ಹನಿ ಹಾಕುತ್ತಾರೆ, ಕಿವಿಗೆ ಹಾಕುತ್ತಾರೆ. ಅವಳು ರಸ್ತೆ ನೋಡುತ್ತ ಹೇಳಿದಳು. ಫೆಬ್ರವರಿ ಹದಿನೇಳರಿಂದ ದಿನಾ ಬೆಳಗ್ಗೆ. ಬಣ್ಣ ಇಲ್ಲ, ವಾಸನೆ ಇಲ್ಲ, ಸ್ವಲ್ಪ ಕಹಿ. ಚಹಾದಲ್ಲಿ ಬೆರೆಸಬಾರದು, ಔಷಧಿ ಕೆಡುತ್ತದೆ ಎಂದು ಸೀಸೆಯ ಜೊತೆಗಿದ್ದ ಕಾಗದದಲ್ಲಿತ್ತಂತೆ. ಅದಕ್ಕೇ ಕಿತ್ತಳೆ ರಸ. ಟೈ ಡಾಕ್ಟರು ಕೊಟ್ಟದ್ದು, ಅವಳು ಕೈಮುಗಿದು ಕೇಳಿದ್ದಕ್ಕೆ.

"ಹಾಲು ಬರ್ತಿದೆ ಅಂತ ನಾನು ಹೇಳಿದಾಗ ನಿನಗೆ ಗೊತ್ತಿತ್ತು."

"ಅನುಮಾನ ಬಂತು. ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಹೌದು ಅಂದ್ರು."

"ಅಂದ್ರೆ ಮೂರನೇ ತಾರೀಖಿಗೇ ಗೊತ್ತಿತ್ತು."

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ದೆ ನೀನು. ಮತ್ತೆ ಹಾಗೇ ಆಗ್ತಿದ್ದೆ. ಆ ಮೂರು ದಿನ ನೀನು ಬೇರೆ ಕಡೆ ನೀರು ಕೂಡ ಮುಟ್ಟದೆ ನನ್ನ ಕೈ ನೋಡ್ಕೊಂಡು ಕೂತಿದ್ದೆ. ನನ್ನ ಹತ್ತಿರ ಇದ್ದಿದ್ದು ಅದೊಂದೇ ದಾರಿ."

ಬಸ್ ಬಂತು. ನಾನು ಹತ್ತಲಿಲ್ಲ.

ಜೂನ್ 10

ಬೇಲಿಯೇ ಎದ್ದು ಹೊಲ ಮೇಯಿತು.

ಜೂನ್ 14

ಪಿಂಗಾಣಿಯ ಮನೆಯ ಮಹಡಿ ಮೇಲಿನ ಕೋಣೆಗೆ ಬಂದಿದ್ದೇನೆ. ಒಂದು ಮಂಚ, ಒಂದು ಒಲೆ, ರಸ್ತೆಯ ಕಡೆ ಒಂದು ಕಿಟಕಿ. ಎಲ್ಲವನ್ನೂ ಅವಳಿಗೆ ಹೇಳಿದೆ. "ನಮ್ಮಮ್ಮ ನನಗೆ ಹರಳೆಣ್ಣೆ ಕುಡಿಸೋಕೇ ಇಷ್ಟು ನಾಟಕ ಆಡಿರಲಿಲ್ಲ" ಎಂದಳು. ನಗು ಬಂತು, ಆಮೇಲೆ ಅಳು ಬಂತು.

ಹನಿ ಹಾಕಿದ್ದಕ್ಕಿಂತ ಆ ಏಳು ದಿನ ನನ್ನನ್ನು ಹೆಚ್ಚು ಸುಡುತ್ತಿವೆ. ನಾನು ಸಾಯುತ್ತೇನೆಂದು ಉಪಕರಣ ಒರೆಸಿಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅವಳಿಗೆ ಉತ್ತರ ಗೊತ್ತಿತ್ತು. ಗಣಿತದ ಟೀಚರಿಗೆ ಉತ್ತರ ಮುಚ್ಚಿಟ್ಟು ಅಭ್ಯಾಸ.

ಇನ್ನೊಂದು ಇದೆ. ಆ ಸಂಗೀತದ ಮೇಷ್ಟ್ರ ಸೆಟ್ ನಾನು ಮಾಡಿದ್ದೋ, ಹನಿ ಮಾಡಿದ್ದೋ? ನಾನಾಗೇ ಸರಿಹೋದೆ ಎಂದು ಕುಣಿದಿದ್ದೆನಲ್ಲ. ಅವಳು ಬೆನ್ನು ತಿರುಗಿಸಿ ಹೂಂ ಎಂದಿದ್ದಳು.

ಜುಲೈ 3

ಮುಟ್ಟಾಯಿತು. ಹೊಟ್ಟೆನೋವಿಗೂ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಹಾಲು ನಿಂತು ಹತ್ತು ದಿನವಾಯಿತು. ತಲೆ ಹಗುರ, ಬೆಳಗ್ಗೆ ಐದಕ್ಕೇ ಎಚ್ಚರ. ನನಗೆ ಯಾವ ಕಾಯಿಲೆಯೂ ಇರಲಿಲ್ಲ.

ಅಕ್ಕ ಕೆಳಗೆ ರಸ್ತೆಯಲ್ಲಿ ನಿಂತಿದ್ದಳು. ಬ್ರೆಡ್ಡು, ಮೊಟ್ಟೆ ಮೆಟ್ಟಿಲ ಮೇಲಿಟ್ಟು ಹೋದಳು. ಕಸಕ್ಕೆ ಹಾಕಿದೆ.

ಜುಲೈ 29

ಮೂರು ತಾಸು ನಿದ್ದೆ ಸಾಕಾಗುತ್ತಿದೆ. ನಾನು ಚಿಲಕ ಹಾಕಿದ ಕೂಡಲೇ ಪಿಂಗಾಣಿ ಕೆಳಗೆ ಕೆಮ್ಮುತ್ತಾಳೆ. ಎರಡು ಸಲ. ಮೊದಲು ಮೂರು ಸಲ ಕೆಮ್ಮುತ್ತಿದ್ದಳು. ಯಾಕೆ ಬದಲಾಯಿತು?

ಕೇಳಿದ ಕೂಡಲೇ ಕೋಣೆ ಕೊಟ್ಟಳಲ್ಲ, ಅದೂ ಯೋಚಿಸಬೇಕಾದ ವಿಷಯವೇ.

ಆಗಸ್ಟ್ 13

ಅಕ್ಕ ಮತ್ತು ಪಿಂಗಾಣಿ ಗೇಟಿನ ಹತ್ತಿರ ಮಾತಾಡುತ್ತಿದ್ದರು. ಅಕ್ಕ ಚೀಲದಿಂದ ಏನೋ ತೆಗೆದಳು. ಕರವಸ್ತ್ರ ಎಂದು ತೋರುವ ಹಾಗೆ ಹಿಡಿದಿದ್ದಳು.

ನೀರು ನಾಲ್ಕು ಸಲ ಕುದಿಸುತ್ತೇನೆ. ಇದನ್ನು ಯಾರಾದರೂ ಹುಚ್ಚು ಎಂದರೆ ನನ್ನಲ್ಲಿ ಉತ್ತರ ಇದೆ: ಹಾಕಿದ್ದರಲ್ಲ? ಒಮ್ಮೆ ಹಾಕಿದ್ದು ನಿಜ ತಾನೆ?

ಆಗಸ್ಟ್ 22

ಬಣ್ಣ ಮತ್ತೆ ಬದಲು. ಯಂತ್ರ ಕರೆಯಿತು. ಸೆಟ್ಟಿನ ಒಳಗೆ ಏನೋ ಇಡುತ್ತಿದ್ದಾರೆ, ಊರವರ ಬಾಯೊಳಗೆ ಕೂತು ಕೇಳಿಸಿಕೊಳ್ಳಲು.

ಆಗಸ್ಟ್ 30

ತಯಾರಾಗಿದ್ದ ಒಂದು ಸೆಟ್ಟನ್ನು ಗರಗಸದಿಂದ ಸೀಳಿದೆ. ಒಳಗೆ ಏನೂ ಇರಲಿಲ್ಲ. ತೆಗೆದುಬಿಟ್ಟಿದ್ದರು. ಅದು ಒಬ್ಬ ನಿವೃತ್ತ ಕಂಡಕ್ಟರದ್ದು. ಮುದುಕ ಹೊರಗೆ ಬೆಂಚಿನ ಮೇಲೆ ಬೊಚ್ಚುಬಾಯಿ ಮುಚ್ಚಿಕೊಂಡು ಕಾಯುತ್ತಿದ್ದ.

ಯಜಮಾನರು ಗದರಲಿಲ್ಲ. ಯಂತ್ರದ ಪ್ಲಗ್ ಕಿತ್ತು ಹೊರಗೆ ಹೋಗಿ ಮುದುಕನ ಪಕ್ಕ ಕೂತರು. ಪಿಂಗಾಣಿ ನನ್ನೆದುರು ನೆಲದ ಮೇಲೆ, ಪ್ಲಾಸ್ಟರ್ ಪುಡಿಯಲ್ಲೇ, ಕಾಲು ಮಡಚಿ ಕೂತಳು.

"ನಾನು ನಿನ್ನ ಮುಖಕ್ಕೇ ಹೇಳ್ತೀನಿ. ನಿನಗೆ ಹುಷಾರಿಲ್ಲ. ಡಾಕ್ಟರ ಹತ್ತಿರ ಹೋಗಬೇಕು. ಬೇಡ ಅಂದ್ರೆ ಎಳ್ಕೊಂಡು ಹೋಗಲ್ಲ. ಆದ್ರೆ ನಿನ್ನ ಅಕ್ಕನಿಗೆ ಫೋನ್ ಮಾಡ್ತೀನಿ. ಅದನ್ನೂ ಹೇಳೇ ಮಾಡ್ತಿದ್ದೀನಿ."

"ನೀನೂ ಅವಳ ಕಡೆ."

"ಕೋಣೆ ಕೊಟ್ಟಿದ್ದು ನಿನಗೆ, ಅವಳಿಗಲ್ಲ" ಎಂದು ಕೆಮ್ಮಿದಳು. ಎಷ್ಟು ಸಲ ಎಂದು ಎಣಿಸಿದೆ. ಏಳು ಸಲ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಅದು ಯಾವ ಸಂಕೇತಕ್ಕೂ ಕೂಡಲಿಲ್ಲ.

ಹನಿ ಕೊಟ್ಟ ಆ ಡಾಕ್ಟರನ್ನು ಕೇಳುವುದು ನನಗೂ ಇತ್ತು. ಬರುತ್ತೇನೆ ಎಂದೆ.

ಸೆಪ್ಟೆಂಬರ್ 2

ಪಿಂಗಾಣಿಯನ್ನು ಹೊರಗೆ ಕೂರಿಸಿದೆ. ಟೈ ಡಾಕ್ಟರ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಕಿಟಕಿಯಲ್ಲಿಟ್ಟು ಬಂದು ಕೂತೆ.

"ನನ್ನನ್ನು ಒಂದೇ ಸಲ ನೋಡಿದ್ರಿ. ನಾಲ್ಕು ತಿಂಗಳು ಔಷಧಿ ಕೊಟ್ರಿ."

"ಹೌದು. ನಿಮ್ಮಕ್ಕ ಗಾಬರಿಯಲ್ಲಿದ್ರು. ನೀವು ಅವರ ಕೈಯದ್ದನ್ನೂ ಬಿಟ್ಟುಬಿಟ್ರೆ ಜೀವಕ್ಕೆ ಅಪಾಯ ಅನ್ನಿಸ್ತು. ಆ ವಾರಕ್ಕೆ ಕೊಟ್ಟಿದ್ದನ್ನ ನಾನು ಸಮರ್ಥಿಸ್ಕೋಬಲ್ಲೆ. ಆದ್ರೆ ನೀವು ಚೇತರಿಸ್ಕೊಂಡ ಮೇಲೆ ಕರೆದು ಹೇಳಬೇಕಿತ್ತು. ಹೇಳಲಿಲ್ಲ. ತೂಕ ನೋಡಲಿಲ್ಲ, ಸಕ್ಕರೆ ಪರೀಕ್ಷೆ ಮಾಡಿಸಲಿಲ್ಲ, ಮುಟ್ಟಿನ ಬಗ್ಗೆ ಕೇಳಲಿಲ್ಲ. ಅದು ನನ್ನ ತಪ್ಪು."

ಡಾಕ್ಟರೊಬ್ಬರು ತಪ್ಪು ಎಂದದ್ದನ್ನು ಮೊದಲ ಸಲ ಕೇಳಿದೆ. ಅದೂ ಉಪಾಯವಿರಬಹುದೆಂದು ಕಾದೆ. ಅವರು ಟೈ ಸಡಿಲಿಸಿದರು.

"ಆ ಹನಿ ನನ್ನೊಳಗೆ ಏನು ಮಾಡಿತು, ಹೇಳಿ."

ಹೇಳಿದರು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಇದು ಮುಖ್ಯ, ಇದನ್ನು ಗಮನಿಸು ಎಂದು ಗುರುತು ಹಾಕುವುದು ಅದರ ಕೆಲಸಗಳಲ್ಲಿ ಒಂದು. ಅದು ಅತಿಯಾದರೆ ಎಲ್ಲದರ ಮೇಲೂ ಗುರುತು ಬೀಳುತ್ತದೆ. ಕೆಮ್ಮಿನ ಮೇಲೆ, ಡ್ರಾಯರಿನ ಸದ್ದಿನ ಮೇಲೆ. ಗುರುತು ಬಿದ್ದ ಮೇಲೆ ಮನಸ್ಸು ಅದಕ್ಕೊಂದು ಕಥೆ ಹುಡುಕುತ್ತದೆ. ಡೋಪಮೈನ್ ಬಂದು ಕೂರುವ ಜಾಗದಲ್ಲಿ ಈ ಔಷಧಿ ತಾನೇ ಕೂತು ಅದನ್ನು ತಡೆಯುತ್ತದೆ. ಹಳೆಯ ಔಷಧಿಗಳು ಗಟ್ಟಿಯಾಗಿ ಕೂರುತ್ತಿದ್ದವು, ಕೈಕಾಲು ಸೆಟೆದು ನಡುಗುತ್ತಿದ್ದವು. ಹೊಸ ತಲೆಮಾರಿನವು ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಜಾಗಗಳಲ್ಲೂ ಕೂರುತ್ತವೆ, ನಡುಕ ಕಡಿಮೆ. ಆದರೆ ಹಸಿವು, ತೂಕ, ಸಕ್ಕರೆ ಏರಬಹುದು. ಹಾಲಿನ ಹಾರ್ಮೋನನ್ನು ಅದುಮಿ ಹಿಡಿದಿರುವುದೂ ಡೋಪಮೈನೇ. ಅಲ್ಲಿಯೂ ಇದು ಅಡ್ಡ ಕೂತರೆ ಹಾಲು ಬರುತ್ತದೆ, ಮುಟ್ಟು ನಿಲ್ಲುತ್ತದೆ.

"ಹಲ್ಲು ಮಾಡಿದ್ದು ಯಾರು? ಔಷಧಿಯೋ ನಾನೋ?" ಎಂದು ಕೇಳಿಬಿಟ್ಟೆ.

ಅವರಿಗೆ ತಕ್ಷಣ ತಿಳಿಯಲಿಲ್ಲ. ಸಂಗೀತದ ಮೇಷ್ಟ್ರ ಕಥೆ ಹೇಳಿದೆ.

"ಔಷಧಿಗೆ ಹಲ್ಲು ಮಾಡೋದು ಗೊತ್ತಿದ್ರೆ ನಾನೂ ಎರಡು ಹನಿ ಕುಡಿದು ಮಾಡ್ತಿದ್ದೆ" ಎಂದರು. "ಅದು ಗದ್ದಲ ಕಡಿಮೆ ಮಾಡುತ್ತೆ ಅಷ್ಟೇ. ಕೆಲಸ ನಿಮ್ಮದು."

ಬೇರೆ ಮಾತ್ರೆ ಇದೆಯಂತೆ. ಅದು ಅದೇ ಜಾಗದಲ್ಲಿ ಕೂತರೂ ಪೂರ್ತಿ ಮುಚ್ಚುವುದಿಲ್ಲ, ಅರ್ಧ ತೆರೆದಿಡುತ್ತದೆ, ಹಾಗಾಗಿ ಸಾಮಾನ್ಯವಾಗಿ ಹಾಲು ತರಿಸುವುದಿಲ್ಲ. ಆದರೆ ಕಾಲು ನಿಂತಲ್ಲಿ ನಿಲ್ಲದಂಥ ಚಡಪಡಿಕೆ ಬರಬಹುದು. ಮುಚ್ಚಳ ಒಡೆಯದ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. ಒಳಗಿನ ಕಾಗದವನ್ನು ಅಲ್ಲೇ ಕೂತು ಓದಿದೆ, ಇರುವೆ ಸಾಲಿನಂಥ ಅಕ್ಷರ, ಎರಡೂ ಬದಿ. ಮೋಸ ಮಾಡುವವನು ಇಷ್ಟೊಂದು ಕೆಡುಕನ್ನು ಅಚ್ಚು ಹಾಕಿಸಿ ಕೊಡುವುದಿಲ್ಲ.

ಕೋಣೆಗೆ ಬಂದು ನಾನೇ ಕುದಿಸಿದ ನೀರಿನಲ್ಲಿ ಒಂದು ನುಂಗಿದೆ.

ಸೆಪ್ಟೆಂಬರ್ 16

ಕಾಲು ನಿಲ್ಲುತ್ತಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆದು ನಡೆದು ಪಿಂಗಾಣಿ ಕೆಳಗಿಂದ ಕೂಗಿದಳು, "ಮಹಡಿ ಸವೆದುಹೋಗುತ್ತೆ, ರಸ್ತೇಲಿ ನಡೆಯೇ." ಡಾಕ್ಟರಿಗೆ ಫೋನ್ ಮಾಡಿದೆ. ಪ್ರಮಾಣ ಇಳಿಸಿದರು.

ಅಕ್ಟೋಬರ್ 6

ಕಂಡಕ್ಟರ ಹೊಸ ಸೆಟ್ ಮುಗಿಯಿತು. ಕ್ಷಮಿಸಿ ಎಂದೆ. "ತಪ್ಪಾಗಿ ಇಳಿಸಿದ ಪ್ರಯಾಣಿಕರು ನನ್ನ ಸರ್ವೀಸಲ್ಲಿ ಎಷ್ಟು ಜನ ಇದ್ರೋ" ಎಂದು ಹೊಸ ಹಲ್ಲಿನಲ್ಲಿ ನಕ್ಕರು. ಪಿಂಗಾಣಿಗೆ ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕು ತಂದುಕೊಟ್ಟೆ. ಪುಡಿ ಗಂಟಲಿಗೆ ಹೋಗಬಾರದು. ನೀರು ಒಂದೇ ಸಲ ಕುದಿಸಿದೆ, ಗ್ಯಾಸ್ ಮುಗಿಯುತ್ತ ಬಂದಿದೆ.

ಅಕ್ಟೋಬರ್ 18

ಡಾಕ್ಟರು ಒಂದು ನಮೂನೆ ಕೊಟ್ಟಿದ್ದರು. ಮುಂದೆ ಎಂದಾದರೂ ನನ್ನ ನಿರ್ಧಾರ ನಾನು ಮಾಡಲಾರದ ಸ್ಥಿತಿ ಬಂದರೆ ನನ್ನ ಪರವಾಗಿ ಯಾರು ಮಾತಾಡಬೇಕು, ನನ್ನ ಇಚ್ಛೆ ಏನು ಎಂದು ಈಗಲೇ ಬರೆದಿಡುವ ಕಾಗದ. ಹೆಸರಿನ ಜಾಗವನ್ನು ಐದು ದಿನ ಖಾಲಿ ಬಿಟ್ಟಿದ್ದೆ. ಪಿಂಗಾಣಿಯನ್ನು ಕೇಳಿದೆ. "ಬರ್ಕೋ, ನನಗೇನು" ಎಂದವಳು ಆಮೇಲೆ ಹೇಳಿದಳು, "ಆದ್ರೆ ನಿನಗೆ ಕಾಯಿಲೆ ಶುರುವಾದಾಗ ನಾನು ಎದುರೇ ಕೂತಿದ್ದೆ, ಏನೂ ಗೊತ್ತಾಗಲಿಲ್ಲ. ನಿನ್ನಕ್ಕನಿಗೆ ಗೊತ್ತಾಗಿತ್ತು."

ಅಕ್ಕನನ್ನು ಆಸ್ಪತ್ರೆಗೆ ಬರಹೇಳಿದೆ. ನಾಲ್ಕು ತಿಂಗಳಲ್ಲಿ ಸೊರಗಿದ್ದಾಳೆ. ಕಾರಿಡಾರಿನ ಬೆಂಚಿನಲ್ಲಿ ಕೂತೆವು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ಕೋಪ ಇದೆಯಾ?" ಎಂದಳು.

"ಇದೆ."

"ಆ ವಾರ ಹೇಳಬೇಕಿತ್ತು. ಅದಕ್ಕೆ ನನ್ನಲ್ಲಿ ಜವಾಬಿಲ್ಲ. ಆದ್ರೆ ಹನಿ ಹಾಕಿದ್ದು ತಪ್ಪು ಅಂತ ನನ್ನ ಬಾಯಲ್ಲಿ ಬರಲ್ಲ. ಸುಳ್ಳು ಹೇಳಲಾ?"

"ಬೇಡ. ಹೇಳಿದ್ದು ಸಾಕು."

ನಮೂನೆ ಕೊಟ್ಟೆ. ಹೆಸರಿನ ಜಾಗದಲ್ಲಿ ತನ್ನ ಹೆಸರು ನೋಡಿ ಕನ್ನಡಕ ತೆಗೆದು ಒರೆಸಿಕೊಂಡಳು. ಮತ್ತೆ ಹಾಕಿಕೊಂಡು ಕೆಳಗೆ ಓದಿದಳು. ಅಲ್ಲಿ ನಾನು ಬರೆದಿದ್ದು: *ನನಗೆ ಔಷಧಿ ಕೊಡಲೇಬೇಕಾಗಿ ಬಂದರೆ, ನಾನು ಬೇಡ ಎಂದರೂ ಕೊಡಬಹುದು. ಆದರೆ ಮುಖಕ್ಕೆ ಹೇಳಿಯೇ ಕೊಡಬೇಕು. ಊಟದಲ್ಲಿ, ನೀರಿನಲ್ಲಿ, ಯಾವುದರಲ್ಲೂ ಬೆರೆಸಕೂಡದು.*

ಉತ್ತರಪತ್ರಿಕೆ ನೋಡುವ ಹಾಗೆ ಎರಡು ಸಲ ಓದಿದಳು.

"ಹೇಳಿದ್ರೆ ನೀನು ಹೊಡೆದರೆ?"

"ಹೊಡೆಸ್ಕೋ."

"ಮುಖಕ್ಕೆ ಉಗಿದರೆ?"

"ಒರೆಸ್ಕೋ. ಆದ್ರೆ ಹೇಳು."

ಅವಳು ಚೀಲದಿಂದ ಪೆನ್ನು ತೆಗೆದಳು. ಒಪ್ಪಿಗೆಯ ಗೆರೆಯ ಮೇಲೆ ತನ್ನ ದುಂಡು ಅಕ್ಷರದಲ್ಲಿ ಸಹಿ ಮಾಡಿದಳು.

"ಮನೆಗೆ ಬರ್ತೀಯಾ?" ಎಂದು ಕೇಳಿದಳು.

"ಇಲ್ಲ."

"ಭಾನುವಾರ?"

"ಗೊತ್ತಿಲ್ಲ ಅಕ್ಕ" ಎಂದೆ. ಗೊತ್ತಿರಲಿಲ್ಲ, ಅದಕ್ಕೇ ಹಾಗೆ ಹೇಳಿದೆ. ನಿಲ್ದಾಣದವರೆಗೆ ಒಟ್ಟಿಗೆ ನಡೆದೆವು. ಅವಳ ಬಸ್ಸು ಮೊದಲು ಬಂತು.